ಇಂಗ್ಲಿಷಿನಲ್ಲಿ ಹೊಗಳುವಾಗ ಕಾಲು ಜಾರದಿರಲು

ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರಿಗೆ ಬಿನ್ನವತ್ತಳೆ ಸಿದ್ಧವಾಗಿತ್ತು. ಬರೆದವರು ಅವರನ್ನು 'ಅಬ್ಸೀಕ್ವಿಯಸ್' ಎಂದಿದ್ದರು. ಮನಸ್ಸಿನಲ್ಲಿದ್ದದ್ದು 'ವಿನಯವಂತ', ಕಾಗದದ ಮೇಲೆ ಬಂದದ್ದು 'ಬಾಲಬಡುಕ'. ಪುಣ್ಯಕ್ಕೆ, ಫ್ರೇಮ್ ಹಾಕಿಸುವ ಮುಂಚೆ ನನ್ನ ಕಣ್ಣಿಗೆ ಬಿತ್ತು.

ಮೊದಲು, ಹೇಳಬೇಕಾದ್ದನ್ನು ಕನ್ನಡದಲ್ಲೇ ಒಂದು ಸಾಲು ಬರೆದುಕೊಳ್ಳಿ. ನಯವೋ, ಹೊಗಳಿಕೆಯೋ, ಮುಖಸ್ತುತಿಯೋ ಗೊತ್ತಾಗುತ್ತದೆ.

ನಯಕ್ಕೆ 'ಪೊಲೈಟ್' ಸಾಕು. ಇನ್ನಷ್ಟು ಗೌರವ ಬೇಕೆಂದರೆ 'ಕರ್ಟಿಯಸ್'. ಅದು ಅರಮನೆಯ ಆಸ್ಥಾನದಿಂದ ಬಂದ ಪದ. 'ಸಿವಿಲ್' ಬೇಡ. 'ಅವರು ನನ್ನ ಜೊತೆ ಸಿವಿಲ್ ಆಗಿದ್ದರು' ಅಂದರೆ, ಜಗಳಕ್ಕೆ ಬರಲಿಲ್ಲ ಅಂತಷ್ಟೇ.

ಹೊಗಳಿಕೆಗೆ 'ಕಾಂಪ್ಲಿಮೆಂಟ್'. ನಡುವೆ 'ಐ' ಅಕ್ಷರವಿದ್ದರೆ ಹೊಗಳಿಕೆ, 'ಇ' ಇದ್ದರೆ ಒಂದಕ್ಕೊಂದು ಪೂರಕ. ಎರಡೂ ಕಿವಿಗೆ ಒಂದೇ. 'ಕಾಂಪ್ಲಿಮೆಂಟರಿ ಟಿಕೆಟ್' ಅಂದರೆ ಪುಕ್ಕಟೆ ಟಿಕೆಟ್, ಅದಕ್ಕೂ 'ಐ'.

ಇನ್ನು ನಿಜವಾದ ಜಾರುಬಂಡೆ. ಕೆಲವು ಪದಗಳು ಒಂದು ಕಾಲಕ್ಕೆ ಮರ್ಯಾದಸ್ಥ ಪದಗಳೇ, ಆಮೇಲೆ ಹುಳಿಯಾದವು. 'ಅಬ್ಸೀಕ್ವಿಯಸ್' ಲ್ಯಾಟಿನ್ನಿನ 'ಹಿಂಬಾಲಿಸು' ಎಂಬ ಪದದಿಂದ ಬಂದದ್ದು. ಮೊದಲು ವಿಧೇಯ ಎಂಬ ಅರ್ಥವಿತ್ತು, ಈಗ ಹಲ್ಲು ಗಿಂಜುವವರಿಗೆ ಮಾತ್ರ. 'ಅಫಿಷಿಯಸ್' ಅಂದರೆ ಹಿಂದೆ ಉಪಕಾರಿ. ಈಗ, ಕರೆಯದಿದ್ದರೂ ಬಂದು ಮೂಗು ತೂರಿಸುವವರು. ಇದನ್ನು 'ಅಫಿಷಿಯಲ್' ಅಂದುಕೊಂಡು ಬರೆದವರನ್ನು ನಾನೇ ನೋಡಿದ್ದೇನೆ. 'ಅಂಕ್ಚುಯಸ್' ಪದದಲ್ಲಿ ಎಣ್ಣೆಯೇ ಇದೆ: ಮಾತು ನುಣುಪು, ಮುಟ್ಟಿದರೆ ಕೈ ಜಿಡ್ಡು. ಎಲ್ಲಕ್ಕಿಂತ ಮೋಸದ್ದು 'ಫುಲ್ಸಮ್'. 'ಫುಲ್' ಇದೆಯಲ್ಲ, 'ತುಂಬು ಹೃದಯದ' ಅನ್ನಿಸುತ್ತದೆ. ಹಳೆಯ ಅರ್ಥ 'ಹೇರಳ' ಅಂತಲೇ. ಆದರೆ ಈಗ 'ಫುಲ್ಸಮ್ ಪ್ರೇಸ್' ಅಂದರೆ ವಾಕರಿಕೆ ಬರುವಷ್ಟು ಹೊಗಳಿಕೆ ಅಂತ ಓದುವವರೇ ಬಹಳ. ಹಳೆಯ ಅರ್ಥದಲ್ಲಿ ಬಳಸುವವರೂ ಇದ್ದಾರೆ, ಇರಲಿ. ನೀವು ಬಳಸಬೇಡಿ. 'ವಾರ್ಮ್' ಅನ್ನಿ, ಮುಗೀತು.

ಒಂದೇ ಪದದಲ್ಲಿ ಅರ್ಥ ತೋರಿಸುವ ಡಿಕ್ಷನರಿ ಆ್ಯಪ್‌ಗಳನ್ನು ಇಲ್ಲಿ ನಂಬಬೇಡಿ. ಸಮಾನಾರ್ಥಕ ಪದಗಳ ಪಟ್ಟಿ ಇನ್ನೂ ಅಪಾಯ. ಪದದ ಮೂರು ಉದಾಹರಣೆ ವಾಕ್ಯ ಓದಿ. ಮೂರರಲ್ಲೂ ಅದು ಮಾಣಿಗೋ, ಚೇಲಾನಿಗೋ ಅಂಟಿಕೊಂಡಿದ್ದರೆ ಬಿಟ್ಟುಬಿಡಿ.

'ಫ್ಲ್ಯಾಟರ್' ಎರಡು ಮುಖದ ಪದ. 'ಐ ಆಮ್ ಫ್ಲ್ಯಾಟರ್ಡ್' ಅಂದರೆ 'ನಿಮ್ಮ ಮಾತಿನಿಂದ ಖುಷಿಯಾಯ್ತು'. ಬಣ್ಣ ನಿಮ್ಮನ್ನು 'ಫ್ಲ್ಯಾಟರ್' ಮಾಡಿದರೆ ಅದು ನಿಮಗೆ ಒಪ್ಪುತ್ತದೆ ಅಂತ. ಆದರೆ ನೀವು ಬಾಸನ್ನು 'ಫ್ಲ್ಯಾಟರ್' ಮಾಡಿದರೆ ಅದು ಬೆಣ್ಣೆ ಹಚ್ಚುವುದೇ.

ಬೈಯಲೇಬೇಕೆಂದರೆ 'ಟೋಡಿ' ಇದೆ, ಅಂದರೆ ಬಾಲಬಡುಕ. ಮೂಲ 'ಟೋಡ್ ಈಟರ್', ಅಂದರೆ ಕಪ್ಪೆ ತಿನ್ನುವವನು. ಹಿಂದೆ ನಕಲಿ ವೈದ್ಯರ ಸಹಾಯಕ ಜನರೆದುರು ವಿಷದ ಕಪ್ಪೆ ನುಂಗಿದಂತೆ ನಟಿಸುತ್ತಿದ್ದ. ಯಜಮಾನ ತನ್ನ ಔಷಧಿ ಕೊಟ್ಟು 'ಬದುಕಿಸುತ್ತಿದ್ದ'. ಇದನ್ನು ಮಾತ್ರ ಬಿನ್ನವತ್ತಳೆಯಲ್ಲಿ ಯಾರೂ ತಪ್ಪಿ ಬರೆದದ್ದನ್ನು ನಾನು ಕಂಡಿಲ್ಲ.