600 ಪ್ರಾಬ್ಲೆಮ್‌ ಬಿಟ್ಟು 120ಕ್ಕೆ ಇಳಿದೆ: ನಾಲ್ಕನೆಯ ಸಂದರ್ಶನದ ನನ್ನ ಅನುಭವ

ದೊಡ್ಡ ಟೆಕ್ ಕಂಪನಿಗಳ ಸಂದರ್ಶನದಲ್ಲಿ ಮೂರು ಸಲ ಸೋಲುವ ಹೊತ್ತಿಗೆ ನಾನು ಕೋಡಿಂಗ್ ಪ್ರಶ್ನೆಗಳ ಅಭ್ಯಾಸದ ತಾಣವಾದ ಲೀಟ್‌ಕೋಡ್‌ನಲ್ಲಿ ಸುಮಾರು 600 ಪ್ರಾಬ್ಲೆಮ್‌ಗಳನ್ನು ಬಿಡಿಸಿದ್ದೆ. ನಾಲ್ಕನೆಯ ಸಲ ಹೊಸದೊಂದನ್ನೂ ಮುಟ್ಟದೆ, ಹಳೆಯವುಗಳಲ್ಲೇ 120ನ್ನು ಆರಿಸಿಕೊಂಡು ಅವನ್ನಷ್ಟೇ ಮತ್ತೆ ಮತ್ತೆ ಮಾಡುತ್ತೇನೆ ಎಂದಾಗ ಜೊತೆಯ ಎಂಜಿನಿಯರ್‌ಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಆ ಸಲ ಒಂದೇ ವಾರದಲ್ಲಿ ಎರಡು ಆಫರ್ ಬಂದವು.

ಮೊದಲ ಸೋಲು ನನಗೆ ಬಹುಕಾಲ ಅರ್ಥವಾಗಿರಲಿಲ್ಲ. 45 ನಿಮಿಷದ ಸುತ್ತಿನಲ್ಲಿ, ಒಂದನ್ನೊಂದು ಅವಲಂಬಿಸಿದ ಕೆಲಸಗಳನ್ನು ಸರಿಯಾದ ಕ್ರಮಕ್ಕೆ ತರುವ ಟೋಪೊಲಾಜಿಕಲ್ ಸಾರ್ಟ್‌ನ ಪ್ರಶ್ನೆಗೆ ಸರಿಯಾದ ಕೋಡ್ ಬರೆದು, ಹತ್ತು ನಿಮಿಷ ಉಳಿಸಿಯೂ ತಿರಸ್ಕೃತನಾದೆ. ಎರಡನೆಯ ಸಲ, ಕೋಡನ್ನು ಓಡಿಸಿ ನೋಡಲು ಕಂಪೈಲರ್ ಇಲ್ಲದ ಖಾಲಿ ಡಾಕ್ಯುಮೆಂಟ್‌ನಲ್ಲಿ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕಿಳಿಸಿ ಹುಡುಕುವ ಬೈನರಿ ಸರ್ಚ್‌ನಲ್ಲಿ ಎಲ್ಲಿ ನಿಲ್ಲಬೇಕೆಂಬ ಅಂಚನ್ನು ತಪ್ಪಿದೆ. ಮೂರನೆಯ ಸಲ ಕೋಡಿಂಗ್ ದಾಟಿದೆನಾದರೂ, ದೊಡ್ಡ ಸೇವೆಯೊಂದನ್ನು ಹೇಗೆ ಕಟ್ಟುವುದೆಂದು ವಿವರಿಸಬೇಕಾದ ಸಿಸ್ಟಮ್ ಡಿಸೈನ್‌ನಲ್ಲಿ ಚೌಕಗಳನ್ನು ಬರೆದು ಬಾಣ ಎಳೆದದ್ದಷ್ಟೇ ಬಂತು. ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಒಂದೊಂದು ಸೋಲಿನ ನಂತರವೂ ಅದೇ ಕಂಪನಿಗೆ ಮತ್ತೆ ಅರ್ಜಿ ಹಾಕಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕಾಯಿತು.

ಆ ಅವಧಿಯಲ್ಲಿ ನನ್ನ ಆಗಿನ ಕಂಪನಿ ನನ್ನನ್ನೇ ಸಂದರ್ಶಕನನ್ನಾಗಿ ಕೂರಿಸಿತು. ಅಭ್ಯರ್ಥಿ ಹೋದ ಮೇಲೆ ಫೀಡ್‌ಬ್ಯಾಕ್ ಬರೆಯಲು ಕುಳಿತಾಗ ನನ್ನ ಮೊದಲ ಸೋಲಿನ ಕಾರಣ ಕಣ್ಣೆದುರಿಗೆ ಬಂತು. ಮೌನವಾಗಿ ಸರಿಯಾದ ಕೋಡ್ ಬರೆದವರ ಬಗ್ಗೆ ನನಗೆ ಎರಡು ಸಾಲಿಗಿಂತ ಹೆಚ್ಚು ಬರೆಯಲಾಗಲಿಲ್ಲ. ‘ವಿಂಗಡಿಸಿದರೆ ಎನ್ ಲಾಗ್ ಎನ್ ಹಿಡಿಯುತ್ತದೆ, ಹ್ಯಾಶ್ ಮ್ಯಾಪ್ ಇಟ್ಟರೆ ಒಂದೇ ಓಟದಲ್ಲಿ ಮುಗಿಯುತ್ತದೆ, ಆದರೆ ಅಷ್ಟು ಮೆಮೊರಿ ಕೊಡಬೇಕು’ ಎಂದು ಒಂದೊಂದು ದಾರಿಗೆ ಹಿಡಿಯುವ ಸಮಯ, ಮೆಮೊರಿಗಳನ್ನು ತೂಗಿ ಹೇಳುತ್ತ ಹೋದವರ ಬಗ್ಗೆ, ಅವರ ಕೋಡ್ ಅರ್ಧಕ್ಕೇ ನಿಂತಿದ್ದರೂ, ಒಂದು ಪುಟ ತುಂಬಿತು. ಗೂಗಲ್‌ನಂಥ ಕಡೆ ಅಭ್ಯರ್ಥಿಯ ಮುಖವನ್ನೇ ನೋಡದ ಹೈರಿಂಗ್ ಕಮಿಟಿ ಈ ಬರಹವನ್ನು ಓದಿಯೇ ತೀರ್ಮಾನಿಸುವುದರಿಂದ, ನಾವು ಬಾಯಿಬಿಟ್ಟು ಹೇಳದೆ ಇದ್ದದ್ದು ಅವರ ಪಾಲಿಗೆ ನಡೆದೇ ಇಲ್ಲ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಪ್ರತಿ ಪ್ರಾಬ್ಲೆಮ್‌ಅನ್ನು ಮೊದಲು ಎಡಿಟರ್‌ನಲ್ಲಿ, ವಾರದ ನಂತರ ಖಾಲಿ ಡಾಕ್ಯುಮೆಂಟ್‌ನಲ್ಲಿ, ಮೂರನೆಯ ಸಲ ಜೋರಾಗಿ ಮಾತನಾಡುತ್ತ, ರೆಕಾರ್ಡರ್ ಇಟ್ಟುಕೊಂಡು 35 ನಿಮಿಷದೊಳಗೆ ಮಾಡುತ್ತಿದ್ದೆ. ಮರುದಿನ ಆ ಧ್ವನಿಯನ್ನು ಕೇಳುತ್ತ, ಬೇರೆಯವರ ಫೀಡ್‌ಬ್ಯಾಕ್ ಬರೆಯುವಂತೆಯೇ ನನ್ನದನ್ನು ಬರೆಯುತ್ತಿದ್ದೆ. ಐದು ವಾಕ್ಯ ತುಂಬದಿದ್ದರೆ ಆ ಪ್ರಾಬ್ಲೆಮ್ ಮತ್ತೆ ಸಾಲಿನ ಕೊನೆಗೆ ಹೋಗುತ್ತಿತ್ತು. ಮೊದಲ ಹತ್ತು ರೆಕಾರ್ಡಿಂಗ್‌ಗಳಲ್ಲಿ ನಾಲ್ಕೈದು ನಿಮಿಷಗಳ ಮೌನ ಹಲವು ಕಡೆ ಇತ್ತು. ತಪ್ಪುಗಳ ಪಟ್ಟಿಯಲ್ಲಿ ಅರ್ಧಕ್ಕೂ ಹೆಚ್ಚು ಅಲ್ಗಾರಿದಮ್‌ಗೆ ಸಂಬಂಧಿಸಿದವಾಗಿರದೆ, ಖಾಲಿ ಇನ್‌ಪುಟ್, ಲೂಪ್‌ನ ಅಂಚು ಇಂಥವೇ ಆಗಿದ್ದವು.

ಡಿಸೈನ್‌ಗೆ ನಾಲ್ಕಾರು ಅಂಕಿಗಳನ್ನು ಮಾತ್ರ ಬಾಯಿಪಾಠ ಮಾಡಿಕೊಂಡೆ. ದಿನದ 86,400 ಸೆಕೆಂಡನ್ನು 1 ಲಕ್ಷವೆಂದು ಹಿಡಿದರೆ, ದಿನಕ್ಕೆ 10 ಕೋಟಿ ರಿಕ್ವೆಸ್ಟ್ ಎಂದರೆ ಸೆಕೆಂಡಿಗೆ ಸುಮಾರು 1,000. ಮೆಮೊರಿಯ ಓದಿಗೆ ಸುಮಾರು 100 ನ್ಯಾನೋಸೆಕೆಂಡ್, ತಿರುಗುವ ಡಿಸ್ಕ್‌ನಲ್ಲಿ ಮಾಹಿತಿ ಇರುವ ಜಾಗಕ್ಕೆ ಹೋಗುವ ಸೀಕ್‌ಗೆ ಸುಮಾರು 10 ಮಿಲಿಸೆಕೆಂಡ್, ಅಂದರೆ ಲಕ್ಷ ಪಟ್ಟು. ಪದೇ ಪದೇ ಬೇಕಾಗುವ ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಕ್ಯಾಶ್ ಏಕೆ ಬೇಕೆಂಬ ಪ್ರಶ್ನೆಗೆ ಇದೊಂದೇ ಸಾಕಾಯಿತು.

ನಡುವೆ ಸಿ++ ಬಿಟ್ಟು ಪೈಥಾನ್‌ಗೆ ಹೋಗಿ ನೋಡಿದೆ. ಪ್ರತಿ ಪ್ರಾಬ್ಲೆಮ್‌ಗೆ ಆರೇಳು ನಿಮಿಷ ಉಳಿಯಿತು, ಆದರೆ ಕ್ರಮವಾಗಿ ಜೋಡಿಸಿಡುವ ಮ್ಯಾಪ್ ಅದರ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿಲ್ಲದ ಕಾರಣ ಅತಿ ಚಿಕ್ಕದ್ದನ್ನು ಮಾತ್ರ ಮೇಲಿಡುವ ಹೀಪ್‌ನಿಂದ ಕೆಲಸ ಸಾಗಿಸುವುದನ್ನು ಕಲಿಯಲು ಎರಡು ವಾರ ಹೋಯಿತು. ಕಾಗದದ ಮೇಲೆ ಕೋಡ್ ಬರೆಯುವ ಪ್ರಯೋಗದಿಂದ ಏನೂ ದಕ್ಕಲಿಲ್ಲ.

ಹಣದ ವಿಷಯ. ಮೊದಲ ಪ್ರಯತ್ನದಲ್ಲಿ ಒಂದು ಕೋರ್ಸ್‌ಗೆ ಅರ್ಧ ತಿಂಗಳ ಸಂಬಳ ಕೊಟ್ಟದ್ದು ಪೂರ್ತಿ ನಷ್ಟ. ಕೊನೆಯ ಸಲ ಆರು ಅಣಕು ಸಂದರ್ಶನಗಳಿಗೆ ಕಾಲು ತಿಂಗಳ ಸಂಬಳದಷ್ಟು ಖರ್ಚಾಯಿತು. ಅವುಗಳಲ್ಲಿ ನಾಲ್ಕು ಸಾಕಾಗಿದ್ದವು. ಎರಡರಲ್ಲಿ ಒಂದು ಆಫರ್‌ನಲ್ಲಿ ನನ್ನನ್ನು ಹುದ್ದೆಯ ಒಂದು ಲೆವೆಲ್ ಕೆಳಗಿಟ್ಟಿದ್ದರು. ಇನ್ನೊಂದು ಡಿಸೈನ್ ಸುತ್ತು ಕೊಡಿ ಎಂದು ಕೇಳಿ, ಅದನ್ನು ಗೆದ್ದು, ಮೇಲಿನ ಲೆವೆಲ್ ಪಡೆದೆ. ನಂತರದ ಮಾತುಕತೆಯಲ್ಲಿ ಒಟ್ಟು ಮೊತ್ತ ಇನ್ನೂ ಶೇ 15ರ ಆಸುಪಾಸು ಏರಿತಾದರೂ, ಅಷ್ಟೂ ಷೇರುಗಳ ರೂಪದಲ್ಲಿತ್ತು. ಅವು ನಾಲ್ಕು ವರ್ಷಗಳಲ್ಲಿ ಕೈಸೇರುವಂಥವು, ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಒಂದೂ ಸಿಗದು. ಆ ದಿನ ರಿಕ್ರೂಟರ್ ಜೊತೆ ನಾನು ಬಳಸಿದ ವಾಕ್ಯವನ್ನೂ, ನಡವಳಿಕೆಯ ಸುತ್ತಿಗೆಂದು ಆರು ಘಟನೆಗಳನ್ನು ಜೋಡಿಸಿಕೊಂಡ ಬಗೆಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಂದು ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದ್ದ ಸ್ನೇಹಿತ ಕಳೆದ ತಿಂಗಳು ನನ್ನ 120ರ ಪಟ್ಟಿಯನ್ನು ಕೇಳಿ ಪಡೆದ. ಅವನ ಮೊದಲ ಮೂರು ರೆಕಾರ್ಡಿಂಗ್‌ಗಳನ್ನು ಕೇಳಿದ್ದೇನೆ. ಮೌನ ನನ್ನದರಷ್ಟೇ ಉದ್ದವಿದೆ.