ನಾಯಿಮರಿಗೆ ಎಷ್ಟು ಊಟ: ಕಪ್ ಬಿಟ್ಟು ಗ್ರಾಂ ಹಿಡಿದೆ

ಐದು ತಿಂಗಳ ಮರಿ, ತೂಕ 5 ಕೆಜಿ. ದಿನಾ ಸಂಜೆ ಭೇದಿ, ಪಕ್ಕೆಲುಬು ಕೈಗೇ ಸಿಗುತ್ತಿರಲಿಲ್ಲ. ಬ್ರ್ಯಾಂಡ್ ಬದಲಿಸಿದೆ, ಆಗಲಿಲ್ಲ. ಬಟ್ಟಲು ತುಂಬಿಸಿಟ್ಟೆ, ಇನ್ನೂ ಜಾಸ್ತಿಯಾಯಿತು. ಕಪ್ ಅಳತೆಯಂತೂ ಸುಮ್ನೆ. ಒಂದೇ ಕಪ್ಪು ಒಮ್ಮೆ 90 ಗ್ರಾಂ, ಇನ್ನೊಮ್ಮೆ 110.

ಕೆಲಸ ಮಾಡಿದ್ದು ಈ ಲೆಕ್ಕ. ಕ್ಯಾಲ್ಕುಲೇಟರಿನಲ್ಲಿ ಮರಿಯ ತೂಕ (ಕೆಜಿ) ಮೂರು ಸಲ ಗುಣಿಸಿ, 5×5×5, ಆಮೇಲೆ ವರ್ಗಮೂಲದ ಗುಂಡಿ ಎರಡು ಸಲ: 3.34. ಅದನ್ನು 70ರಿಂದ ಗುಣಿಸಿದರೆ 234 ಕಿಲೋಕ್ಯಾಲರಿ, ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವಷ್ಟು. ನಾಲ್ಕು ತಿಂಗಳು ದಾಟಿದ ಮರಿಗೆ ಅದರ ಎರಡರಷ್ಟು, 468. (ಇನ್ನೂ ಚಿಕ್ಕದಿದ್ದರೆ ಮೂರರಷ್ಟು.) ನನ್ನ ಪ್ಯಾಕೆಟ್ ಮೇಲೆ 100 ಗ್ರಾಂಗೆ 360 ಅಂತಿತ್ತು, ಅಂದರೆ ದಿನಕ್ಕೆ 130 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ 45, 40, 45 ಅಂತ ಮೂರು ಹೊತ್ತು ಹಾಕಿದೆ. ನಾಲ್ಕನೇ ದಿನ ಭೇದಿ ನಿಂತಿತು. ಪ್ರತಿ ಭಾನುವಾರ ಮರಿಯನ್ನು ತೂಗಿ ಲೆಕ್ಕ ಹೊಸದಾಗಿ ಮಾಡುತ್ತೇನೆ. ಪಕ್ಕೆಲುಬು ಕೈಗೆ ಸಿಗದಿದ್ದರೆ 10 ಗ್ರಾಂ ಕಡಿತ.