ಹಾಸಿಗೆ ಪಕ್ಕ ಒಂದು ಸ್ಟೂಲ್, ನಾಲ್ಕು ಗಂಟೆ: ನನ್ನ ಅನುಭವ

"ಸುಮ್ನೆ ಕೂತು ನೋಡಿದ್ರೆ ಲೀಡರ್ ಆಗಿಬಿಡ್ತಾರಾ ಮೇಡಂ?" ಅಂತ ನಮ್ಮ ಆಸ್ಪತ್ರೆಯ ಅಕೌಂಟ್ಸ್ ಮುಖ್ಯಸ್ಥರು ಕೇಳಿದ್ದರು, ವಾರ್ಡ್ ನಡೆಸುವವರನ್ನು ತಯಾರು ಮಾಡಲು ಅವರನ್ನು ರೋಗಿಯ ಪಕ್ಕ ಸ್ಟೂಲ್ ಮೇಲೆ ಕೂರಿಸಿ ಸುಮ್ಮನೆ ನೋಡಲು ಬಿಡುತ್ತೇನೆ ಅಂತ ನಾನು ಹೇಳಿದಾಗ. ಈಗ ಹೊಸ ಇನ್‌ಚಾರ್ಜ್ ಸಿಸ್ಟರ್ (ವಾರ್ಡ್‌ನ ಮುಖ್ಯ ನರ್ಸ್) ಬಂದರೆ "ಮೊದಲು ಸ್ಟೂಲ್ ಮೇಲೆ ಕೂರಿಸಿ" ಅನ್ನುವವರು ಅವರೇ.

ಸ್ಟೂಲ್‌ನ ಯೋಚನೆ ಬರುವಷ್ಟರಲ್ಲಿ ದುಡ್ಡು ಸಾಕಷ್ಟು ಹೋಗಿತ್ತು. ವರ್ಷದ ತರಬೇತಿ ಹಣದಲ್ಲಿ ಮುಕ್ಕಾಲು ಪಾಲನ್ನು ಎರಡು ದಿನದ ಲೀಡರ್‌ಶಿಪ್ ಶಿಬಿರಕ್ಕೆ ಸುರಿದಿದ್ದೆವು. ಹೋಗಿ ಬಂದವರು ಒಂದು ವಾರ ಚೆನ್ನಾಗಿ ಮಾತಾಡಿದರು. ವಾರ್ಡ್‌ನಲ್ಲಿ ಕಾಲ್ ಬೆಲ್ ಮಾತ್ರ ಮೊದಲಿನಷ್ಟೇ ಹೊತ್ತು ಬಡಿದುಕೊಳ್ಳುತ್ತಿತ್ತು.

ಆಮೇಲೆ ಕೆಲಸ ಹೇಗೆ ನಡೆಯುತ್ತೆ ನೋಡಿ ಬರಲು ಎಂಟು ಜನರನ್ನು ಒಟ್ಟಿಗೆ ವಾರ್ಡ್‌ಗೆ ಕಳಿಸಿದೆ. ರೌಂಡ್ಸ್ ಬಂತು ಅಂತ ವಾರ್ಡ್ ಸಿಬ್ಬಂದಿಯೆಲ್ಲ ಎಚ್ಚರವಾದರು. ಕೈ ತೊಳೆಯಬೇಕಾದ 5 ಸಂದರ್ಭಗಳಲ್ಲೂ ತಪ್ಪದೆ ತೊಳೆದರು, ಅವತ್ತು ಮಾತ್ರ. ಮುಂದಿನ ಸಲ ಒಬ್ಬೊಬ್ಬರನ್ನೇ ಕಳಿಸಿದೆ, ಆದರೆ ಕೈಗೆ ಚೆಕ್‌ಲಿಸ್ಟ್ ಕೊಟ್ಟೆ. ಅದು ನನ್ನ ದೊಡ್ಡ ತಪ್ಪು. ಸಿಸ್ಟರ್‌ಗಳು ತಪಾಸಣೆ ಅಂದುಕೊಂಡರು. ನೋಡಲು ಹೋದವರಿಗೆ ಹಾಳೆಯಲ್ಲಿ ಇಲ್ಲದ್ದು ಕಾಣಲೇ ಇಲ್ಲ.

ಟೊಯೋಟಾ ಕಾರು ಕಂಪನಿಯ ಎಂಜಿನಿಯರ್ ತೈಚಿ ಓನೊ ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದ ವೃತ್ತ ಬರೆದು, ಕೆಲಸವನ್ನು ಗಮನಿಸಲು ಜನರನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದ ಕಥೆ ನಿಮಗೆ ಗೊತ್ತಿರುತ್ತೆ. ನಾನು ವೃತ್ತದ ಬದಲು ಸ್ಟೂಲ್ ಇಟ್ಟೆ, ರೋಗಿಯ ತಲೆಯ ಪಕ್ಕ. ಒಬ್ಬ ರೋಗಿ, ನೋಡುವವರು ಒಬ್ಬರು, 4 ಗಂಟೆ. ಮೊದಲು ರೋಗಿಯ ಒಪ್ಪಿಗೆ. ಪರದೆ ಎಳೆದರೆ ಎದ್ದು ಹೊರಗೆ ಹೋಗಬೇಕು. ಅಪಾಯ ಕಂಡರೆ ಮಾತ್ರ ಬಾಯಿ ಬಿಡಬೇಕು. ಮೊದಲ ಒಂದು ಗಂಟೆ ಏನೂ ಬರೆಯಬಾರದು. ಆ ಹೊತ್ತಿನಲ್ಲಿ ಸಿಬ್ಬಂದಿ ಇನ್ನೂ ನಮಗೆ ತೋರಿಸಲೆಂದೇ ಕೆಲಸ ಮಾಡುತ್ತಿರುತ್ತಾರೆ.

ಮೂರನೇ ವಾರ ಒಬ್ಬ ಇನ್‌ಚಾರ್ಜ್ ಸಿಸ್ಟರ್ ಬರೆದು ತಂದದ್ದು ನೋಡಿ ನನಗೇ ಗಾಬರಿಯಾಯಿತು. ಡಾಕ್ಟರ್ ಡಿಸ್ಚಾರ್ಜ್ ಹೇಳಿದ್ದು ಬೆಳಿಗ್ಗೆ 9ಕ್ಕೆ. ಹಾಸಿಗೆ ಖಾಲಿಯಾಗಿದ್ದು 3ರ ಹತ್ತಿರ. ಆ 6 ಗಂಟೆಯಲ್ಲಿ ನಿಜವಾದ ಕೆಲಸ 50 ನಿಮಿಷವೂ ಇರಲಿಲ್ಲ! ಡಿಸ್ಚಾರ್ಜ್ ಸಮ್ಮರಿ (ಚಿಕಿತ್ಸೆಯ ಸಾರಾಂಶದ ಹಾಳೆ) ಡಾಕ್ಟರ್ ಸಹಿಗೆ ಕಾದು ಕೂತಿತ್ತು. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗದೆ ಬಿಲ್ ನಿಂತಿತ್ತು. ಆಕೆ ಯಾರನ್ನೂ ಬೈಯಲಿಲ್ಲ. ಹಿಂದಿನ ಸಂಜೆಯೇ ಎರಡೂ ಕೆಲಸ ಶುರುವಾಗುವ ಹಾಗೆ ಡಾಕ್ಟರ್‌ಗಳನ್ನೂ ಫಾರ್ಮಸಿಯವರನ್ನೂ ತಾವೇ ಒಪ್ಪಿಸಿದರು. ನಾಲ್ಕು ತಿಂಗಳಲ್ಲಿ ಕಾಯುವ ಹೊತ್ತು ಸುಮಾರು ಎರಡೂವರೆ ಗಂಟೆಗೆ ಇಳಿಯಿತು. ಹಾಸಿಗೆಗಳು ಬೇಗ ಖಾಲಿಯಾಗಿ ಎಷ್ಟು ಗಂಟೆ ಉಳಿತಾಯವಾಯಿತು ಅನ್ನುವ ಲೆಕ್ಕ ಹಿಡಿದು ಅಕೌಂಟ್ಸ್‌ಗೆ ಹೋದೆ. ಸ್ಟೂಲ್ ಮೇಲೆ ಕೂರುವವರ ಪಾಳಿಗೆ ಬದಲಿ ಸಿಬ್ಬಂದಿ ಹಾಕಲು ಹಣ ಸಿಕ್ಕಿತು.

ನಡುವೆ ನಾನೇ ಸ್ಟ್ರೆಚರ್ ಮೇಲೆ ಮಲಗಿ ಎಕ್ಸ್‌ರೇವರೆಗೆ ಹೋಗಿ ನೋಡಿದೆ. ಕಣ್ಣಿಗೆ ಬರೀ ಲೈಟುಗಳು. ತಿರುವಿನಲ್ಲಿ ಹೊಟ್ಟೆ ತೊಳಸಿತು. ಈಗ ನಮ್ಮಲ್ಲಿ ತಳ್ಳುವವರು "ಬಲಕ್ಕೆ ತಿರುಗ್ತೀವಿ" ಅಂತ ಮೊದಲೇ ಹೇಳುತ್ತಾರೆ. ರಾತ್ರಿ ಪಾಳಿಯಲ್ಲಿ ಕೂರಿಸಿ ನೋಡಿದ್ದು ಮಾತ್ರ ಫಲ ಕೊಡಲಿಲ್ಲ.

ಎದ್ದು ಬಂದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ. ಅದನ್ನು ಇಲ್ಲಿ ಬರೆಯಲ್ಲ. ಮೊದಲೇ ಗೊತ್ತಾದರೆ ಅದಕ್ಕೇ ಉತ್ತರ ಹುಡುಕುತ್ತಾ ಕೂರುತ್ತಾರೆ, ಅಲ್ವಾ?

ಇಲ್ಲಿವರೆಗೆ ಹದಿನಾಲ್ಕು ಜನ ಕೂತಿದ್ದಾರೆ. ಐದು ಜನ ಈಗ ವಾರ್ಡ್ ನಡೆಸುತ್ತಿದ್ದಾರೆ. ಮುಂದಿನ ತಿಂಗಳು ಸ್ಟೂಲ್ ಡಯಾಲಿಸಿಸ್‌ಗೆ ಹೋಗುತ್ತದೆ. ಅಲ್ಲಿ ಒಂದು ಸಲದ ಚಿಕಿತ್ಸೆಯೇ ಸುಮಾರು 4 ಗಂಟೆ. ಸೂಜಿ ಹಾಕುವುದರಿಂದ ತೆಗೆಯುವವರೆಗೆ ಪೂರ್ತಿ ನೋಡಬಹುದು.